ಕೊಲೊಸಿಯಮ್ ಕೊನೆಗೆ ನೋಡಿ: ಗ್ಲ್ಯಾಡಿಯೇಟರ್‌ಗಳ ಜಾಡು ಹಿಡಿದು ಎಂಟು ದಿನ

ರೋಮ್‌ನ ಪ್ರಾಚೀನ ಕಾಳಗದ ಅಖಾಡ ಕೊಲೊಸಿಯಮ್‌ನ ಟಿಕೆಟ್ ನಮಗೆ ಬೇಕಾದ ದಿನಕ್ಕೆ ಸಿಗಲಿಲ್ಲ. ಪ್ರವಾಸ ದಾರಿಗೆ ಬಂದದ್ದು ಅದರಿಂದಲೇ.

ದಸರಾ ರಜೆಯಲ್ಲಿ ಇಟಲಿ ನೋಡಿ ಬರೋಣ ಎಂದು ಹೊರಟವರು ಮೂವರು. ಹೈಸ್ಕೂಲಿನ ಮಗನಿಗೆ ಗ್ಲ್ಯಾಡಿಯೇಟರ್ ಹುಚ್ಚು, ಅಂದರೆ ಹಿಂದಿನ ರೋಮ್‌ನಲ್ಲಿ ಜನರೆದುರು ಅಖಾಡಕ್ಕಿಳಿದು ಆಯುಧ ಹಿಡಿದು ಕಾದುತ್ತಿದ್ದವರ ಹುಚ್ಚು, ಅದೂ ಸಿನಿಮಾ ಹಿಡಿಸಿದ್ದು. ಹೆಂಡತಿಗೆ ಶಿಲ್ಪ, ಚಿತ್ರ. ನಾನು ಮೈಸೂರಿನಲ್ಲಿ ಲೆಕ್ಕಪತ್ರ ಬರೆಯುವವನು. ಎಷ್ಟು ದೊಡ್ಡ ಸ್ಮಾರಕ ಕಂಡರೂ ಇದಕ್ಕೆ ದುಡ್ಡು ಹಾಕಿದವರು ಯಾರು, ಲಾಭ ಯಾರಿಗೆ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ರೋಮ್‌ಗೆ ಇಳಿದ ಮರುದಿನ ಬೆಳಿಗ್ಗೆ ಕೊಲೊಸಿಯಮ್ ಎಂದು ನಿಶ್ಚಯಿಸಿದ್ದೆವು. ಅಧಿಕೃತ ಜಾಲತಾಣದಲ್ಲಿ ಟಿಕೆಟ್ ಬಿಡುಗಡೆಯಾಗುವುದು ಭೇಟಿಯ ದಿನಕ್ಕೆ ಮೂವತ್ತು ದಿನ ಮುಂಚೆ. ನಾನು ಎರಡು ದಿನ ತಡ ಮಾಡಿ ತೆರೆದು ನೋಡಿದರೆ ನೆಲಮಾಳಿಗೆ ಸೇರಿದ ಟಿಕೆಟ್‌ಗಳೆಲ್ಲ ಖಾಲಿ. ಪ್ರವಾಸದ ಕೊನೆಯ ದಿನಗಳದ್ದು ಮಾತ್ರ ಇನ್ನೂ ಬಿಡುಗಡೆಯಾಗಿರಲಿಲ್ಲ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಕಾದು, ಊರಿಗೆ ಮರಳುವ ಹಿಂದಿನ ದಿನದ ಮೂರು ಟಿಕೆಟ್ ಹಿಡಿದೆ. ಹೀಗಾಗಿ ಕಾರ್ಯಕ್ರಮ ಪೂರ್ತಿ ತಲೆಕೆಳಗಾಗಿ, ಮೊದಲು ನೇಪಲ್ಸ್, ಆಮೇಲೆ ರೋಮ್ ಎಂದಾಯಿತು.

ಈಗ ಯಾರು ಕೇಳಿದರೂ ಅದೇ ಕ್ರಮವನ್ನು ಹೇಳುತ್ತೇನೆ. ಕೊಲೊಸಿಯಮ್ ಮೊದಲು ನೋಡಿದರೆ ಕಟ್ಟಡ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಅವನು ಎಲ್ಲಿ ಮಲಗುತ್ತಿದ್ದ, ಏನು ತಿನ್ನುತ್ತಿದ್ದ, ಗೋಡೆಯ ಮೇಲೆ ಏನು ಗೀಚುತ್ತಿದ್ದ ಎಂಬುದು ದಕ್ಷಿಣದ ಕಂಪಾನಿಯಾ ಸೀಮೆಯಲ್ಲಿ ಸಿಗುತ್ತದೆ. ಅದನ್ನು ಕಣ್ಣಿನಲ್ಲಿಟ್ಟುಕೊಂಡು ರೋಮ್‌ಗೆ ಬನ್ನಿ.

ವೀಸಾ ವಿಷಯ ಬೇಗ ಮುಗಿಸುತ್ತೇನೆ. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಬೆಂಗಳೂರಿನಲ್ಲಿಯೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ತೆಗೆದುಕೊಳ್ಳುತ್ತಾರೆ. ದೊಡ್ಡವರಿಗೆ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಎರಡು ತಿಂಗಳಿಗಿಂತ ಕಡಿಮೆ ಸಮಯ ಇಟ್ಟುಕೊಳ್ಳಬೇಡಿ. ಅಲ್ಲಿ ಸರ್ಕಾರಿ ವಸ್ತು ಸಂಗ್ರಹಾಲಯಗಳಲ್ಲಿ ಹದಿನೆಂಟು ತುಂಬದವರಿಗೆ, ಯಾವ ದೇಶದವರೇ ಆಗಲಿ, ಪ್ರವೇಶ ಉಚಿತ. ಕೊಲೊಸಿಯಮ್‌ಗೂ ನೇಪಲ್ಸ್ ಪಕ್ಕದ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪಾಂಪೆ ಊರಿಗೂ ಅದೇ ನಿಯಮ. ಆದರೆ ಮಕ್ಕಳ ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು, ಸೊನ್ನೆ ದರದ ಟಿಕೆಟನ್ನೂ ಮುಂಗಡ ಕಾಯ್ದಿರಿಸಬೇಕು. ಮೂರು ಕಡೆ ಮಗನ ಟಿಕೆಟ್ ಉಳಿದದ್ದರಲ್ಲಿ ನೇಪಲ್ಸ್‌ನ ಎರಡು ದಿನದ ಊಟ ಕಳೆಯಿತು.

ರೋಮ್‌ನ ತೆರ್ಮಿನಿ ನಿಲ್ದಾಣದಿಂದ ವೇಗದ ರೈಲಿನಲ್ಲಿ ನೇಪಲ್ಸ್ ಒಂದು ಗಂಟೆ ಹತ್ತು ನಿಮಿಷದ ದಾರಿ. ಈ ಟಿಕೆಟ್ ಮುಂಚಿತವಾಗಿ ಕೊಂಡಷ್ಟೂ ಅಗ್ಗ. ಪ್ರಾದೇಶಿಕ ರೈಲುಗಳ ದರ ಮಾತ್ರ ಎಂದು ಕೊಂಡರೂ ಒಂದೇ; ಆದರೆ ಅವುಗಳ ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಮರೆತರೆ ಟಿಕೆಟ್ ಕೈಯಲ್ಲಿದ್ದೂ ದಂಡ.

ನೇಪಲ್ಸ್‌ನಲ್ಲಿ ಮೊದಲ ದಿನ ಪುರಾತತ್ವ ಸಂಗ್ರಹಾಲಯಕ್ಕೆ ಹೋಗಿ. ಮಂಗಳವಾರ ಅದಕ್ಕೆ ರಜೆ. ಪಾಂಪೆಯಲ್ಲಿ ಸಿಕ್ಕ ಒಳ್ಳೆಯ ಸಾಮಾನೆಲ್ಲ ಇಲ್ಲಿದೆ. ಪಾಂಪೆಯಲ್ಲಿ ಉಳಿದಿರುವುದು ಮನೆ, ಮನೆಯೊಳಗಿನದು ಇಲ್ಲಿ. ಅಲ್ಲಿನ ಗ್ಲ್ಯಾಡಿಯೇಟರ್‌ಗಳ ವಸತಿಯಲ್ಲಿ ಅಗೆದಾಗ ಸಿಕ್ಕ ಕಂಚಿನ ಶಿರಸ್ತ್ರಾಣಗಳ ಮುಂದೆ ನಾವು ಅರ್ಧ ಗಂಟೆ ನಿಂತೆವು. ತೂಕ ನಾಲ್ಕು ಕಿಲೋ ಆಸುಪಾಸು. ಅಗಲವಾದ ಅಂಚು, ಎತ್ತರದ ಜುಟ್ಟು, ಕಣ್ಣಿನ ಜಾಗದಲ್ಲಿ ಜಾಲಂದರ. ಒಂದರ ಮೇಲಂತೂ ಟ್ರಾಯ್ ನಗರ ಬೀಳುವ ದೃಶ್ಯವನ್ನೇ ಉಬ್ಬಾಗಿ ಕೆತ್ತಿದ್ದಾರೆ. ಮಗ ಗಾಜಿಗೆ ಮೂಗು ಒತ್ತಿಕೊಂಡು, ಆ ಜಾಲಂದರದ ಹಿಂದೆ ಮುಖ ಇದ್ದ ಹಾಗೆ ನೋಡುತ್ತಿದ್ದ. "ಇದನ್ನು ಹಾಕಿಕೊಂಡರೆ ಪಕ್ಕಕ್ಕೆ ಏನೂ ಕಾಣುವುದಿಲ್ಲ ಅಪ್ಪ" ಎಂದ. ನಿಜ. ಉಸಿರಾಟವೂ ಕಷ್ಟ. ನೋಡುವವರಿಗೂ ಅವನ ಮುಖ ಕಾಣುವುದಿಲ್ಲ. ಹೆಸರಿದೆ, ಮುಖವಿಲ್ಲ. ಸೋತು ಬೆರಳೆತ್ತಿ ಪ್ರಾಣಭಿಕ್ಷೆ ಕೇಳುವಾಗಲೂ ಅದು ಕಂಚಿನ ಮುಖವೇ.

ಆಯುಧಕ್ಕೆ ತಕ್ಕಂತೆ ಗ್ಲ್ಯಾಡಿಯೇಟರ್‌ಗಳಲ್ಲಿ ಜಾತಿಗಳಿದ್ದವು ಎಂಬುದನ್ನು ತಿಳಿದುಕೊಂಡು ಹೋದರೆ ನೋಡುವುದು ಸಲೀಸು. ಮುರ್ಮಿಲ್ಲೋ ಎಂಬವನದು ಮೈಮುಚ್ಚುವ ದೊಡ್ಡ ಗುರಾಣಿ, ನೇರ ಕತ್ತಿ. ಥ್ರಾಕ್ಸ್ ಎಂಬವನದು ಪುಟ್ಟ ಗುರಾಣಿ, ಬಾಗಿದ ಕತ್ತಿ, ಮಂಡಿ ದಾಟಿ ಏರುವ ಕಾಲುಗಾಪು. ರೆಟಿಯಾರಿಯಸ್ ಬಲೆ ಮತ್ತು ತ್ರಿಶೂಲದವನು. ತಲೆಗೆ ಏನೂ ಇಲ್ಲ. ಅವನನ್ನು ಬೆನ್ನಟ್ಟುವ ಸೆಕ್ಯುಟರ್‌ನ ಶಿರಸ್ತ್ರಾಣ ಬೋಳು ಬೋಳಾಗಿ, ಬಲೆ ಸಿಕ್ಕಿಕೊಳ್ಳದಂತೆ ನುಣುಪಾಗಿ, ಕಣ್ಣಿಗೆ ಎರಡು ಸಣ್ಣ ತೂತು ಮಾತ್ರ. ಸಮಬಲದ ಇಬ್ಬರನ್ನು ಬಿಡುವುದಲ್ಲ, ಬೇರೆ ಬೇರೆ ಕೊರತೆಯ ಇಬ್ಬರನ್ನು ಜೋಡಿ ಕಟ್ಟುವುದು. ಈ 'ಜೋಡಿ' ಎಂಬ ಮಾತನ್ನು ನಮ್ಮ ದಸರಾ ಕುಸ್ತಿಯಿಂದ ತಂದೆ ಎಂದುಕೊಳ್ಳಬೇಡಿ. ರೋಮನ್ನರ ಜಾಹೀರಾತುಗಳಲ್ಲಿಯೂ ಲೆಕ್ಕ ಇಂತಿಷ್ಟು ಜೋಡಿ ಎಂದೇ.

ಅದೇ ಸಂಗ್ರಹಾಲಯದಲ್ಲಿ ಒಂದು ಗೋಡೆಚಿತ್ರವಿದೆ, ತಪ್ಪಿಸಬೇಡಿ. ಕ್ರಿ.ಶ. 59ರಲ್ಲಿ ಪಾಂಪೆಯವರಿಗೂ ಪಕ್ಕದೂರು ನುಕೇರಿಯಾದವರಿಗೂ ಆಟದ ನಡುವೆ ಬೈಗುಳ ಹತ್ತಿ, ಕಲ್ಲು ಬಿದ್ದು, ಕತ್ತಿ ಹೊರಬಂದು ಹಲವರು ಸತ್ತರು. ರೋಮ್‌ನ ಸೆನೆಟ್ ಪಾಂಪೆಯಲ್ಲಿ ಇಂತಹ ಕೂಟಗಳಿಗೆ ಹತ್ತು ವರ್ಷ ನಿಷೇಧ ಹಾಕಿತು. ಆ ಗಲಭೆಯನ್ನೇ ಯಾರೋ ತಮ್ಮ ಮನೆಯ ಗೋಡೆಯ ಮೇಲೆ ಬರೆಸಿಕೊಂಡಿದ್ದಾರೆ. ಮೇಲೆ ನೆರಳಿಗೆ ಕಟ್ಟಿದ ಬಟ್ಟೆ, ಹೊರಗೆ ಮರಗಳ ಕೆಳಗೆ ಅಂಗಡಿಗಳ ಗುಡಾರ, ನಡುವೆ ಬಡಿದಾಡುವ ಜನ. ಥೇಟ್ ಜಾತ್ರೆ. ಹೊಡೆದಾಟ ಗ್ಲ್ಯಾಡಿಯೇಟರ್‌ಗಳದಲ್ಲ, ನೋಡಲು ಬಂದವರದು.

ಮರುದಿನ ಪಾಂಪೆ. ನೇಪಲ್ಸ್‌ನಿಂದ ಸೊರೆಂಟೊ ಕಡೆಗೆ ಹೋಗುವ ಚಿರ್ಕುಂವೆಸುವಿಯಾನಾ ರೈಲು ಹಿಡಿದು ಪಾಂಪೆ ಸ್ಕಾವಿ ನಿಲ್ದಾಣದಲ್ಲಿ ಇಳಿಯಿರಿ, ಮುಕ್ಕಾಲು ಗಂಟೆಯೊಳಗಿನ ಪ್ರಯಾಣ. ರೈಲು ಕಿಕ್ಕಿರಿದಿರುತ್ತದೆ, ಪರ್ಸ್ ಮುಂದಿನ ಜೇಬಿನಲ್ಲಿರಲಿ. ದಿನಕ್ಕೆ 20,000 ಜನ ಎಂಬ ಮಿತಿ 2024ರ ನವೆಂಬರಿನಿಂದ ಇದೆ, ಟಿಕೆಟ್‌ನಲ್ಲಿ ಹೆಸರಿರುತ್ತದೆ. ಮೂವತ್ತು ಸೆಂಟಿಮೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ನಿಲ್ದಾಣದ ಎದುರಿನ ಪೋರ್ಟಾ ಮರೀನಾ ಬಾಗಿಲಲ್ಲಿ ಎಲ್ಲರೂ ನುಗ್ಗುತ್ತಾರೆ. ಅವರಲ್ಲಿ ಬಹಳ ಮಂದಿ ಊರಿನ ಆ ತುದಿಯ, ಸುತ್ತ ಆಸನಗಳಿರುವ ಬಯಲು ಅಖಾಡ ಆಂಫಿಥಿಯೇಟರ್‌ವರೆಗೆ ನಡೆದು ತಲುಪುವುದೇ ಇಲ್ಲ. ಬಿಸಿಲಿಗೆ ಸೋತು ನಡುವೆಯೇ ಹಿಂದಿರುಗುತ್ತಾರೆ. ನೀವು ಇನ್ನೊಂದಿಷ್ಟು ನಡೆದು, ಹೊರಗಿನ ರಸ್ತೆಯಿಂದಲೇ ಪಿಯಾಜ್ಜಾ ಆಂಫಿತೇಯಾತ್ರೊ ಬಾಗಿಲಿಗೆ ಹೋಗಿ ಒಳಹೊಕ್ಕರೆ ಬೆಳಗಿನ ಮೊದಲ ಅರ್ಧ ಗಂಟೆ ಆ ಆಂಫಿಥಿಯೇಟರ್ ಹೆಚ್ಚುಕಡಿಮೆ ನಿಮ್ಮದೇ.

ನಮಗೆ ಹಾಗೆಯೇ ಸಿಕ್ಕಿತು. ಕ್ರಿ.ಪೂ. 70ರ ಸುಮಾರಿಗೆ ಕಟ್ಟಿದ್ದು, ಕಲ್ಲಿನಲ್ಲಿ ಕಟ್ಟಿ ಉಳಿದಿರುವ ಆಂಫಿಥಿಯೇಟರ್‌ಗಳಲ್ಲಿ ಇದೇ ಹಳೆಯದು. ಕೊಲೊಸಿಯಮ್‌ಗಿಂತ ಸುಮಾರು ಒಂದೂವರೆ ಶತಮಾನ ಹಿರಿಯ. ನೆಲಮಾಳಿಗೆ ಇಲ್ಲ, ಯಂತ್ರ ಇಲ್ಲ. ಅಖಾಡವನ್ನು ನೆಲದೊಳಕ್ಕೆ ತೋಡಿ, ಆ ಮಣ್ಣನ್ನೇ ಸುತ್ತ ಏರಿಸಿ ಆಸನ ಮಾಡಿದ್ದಾರೆ. ಮೇಲಕ್ಕೆ ಹೋಗಲು ಹೊರಗೋಡೆಗೆ ಆನಿಸಿದ ಮೆಟ್ಟಿಲು. ಹಿಂದಿನ ದಿನ ಚಿತ್ರದಲ್ಲಿ ನೋಡಿದ ಅದೇ ಮೆಟ್ಟಿಲನ್ನು ಕಂಡು ಮಗ ಕುಣಿದ. ಇದಕ್ಕೇ ಸಂಗ್ರಹಾಲಯ ಮೊದಲು ಎನ್ನುವುದು.

ದುಡ್ಡು ಯಾರದು? ಕಟ್ಟಿಸಿದವರು ಊರಿನ ಇಬ್ಬರು ಅಧಿಕಾರಿಗಳು, ಸ್ವಂತ ಖರ್ಚಿನಲ್ಲಿ. ಆಟ ಆಡಿಸುವವರೂ ಅಂಥವರೇ. ಚುನಾವಣೆಗೆ ನಿಲ್ಲುವವರು, ಗೆದ್ದವರು ಊರಿಗೆ ಗ್ಲ್ಯಾಡಿಯೇಟರ್ ಕಾಳಗ ಕೊಡಿಸಬೇಕು. ಪ್ರವೇಶಧನವಲ್ಲ, ಜನಪ್ರಿಯತೆಯೇ ಆದಾಯ. ಪಾಂಪೆಯ ಬೀದಿ ಗೋಡೆಗಳ ಮೇಲೆ ಅದರ ಜಾಹೀರಾತುಗಳನ್ನು ಕೆಂಪು ಬಣ್ಣದಲ್ಲಿ ಬರೆಸುತ್ತಿದ್ದರು: ಲುಕ್ರೇಷಿಯಸ್ ಸಾಟ್ರಿಯಸ್ ವ್ಯಾಲೆನ್ಸ್ ಎಂಬವರ ಇಪ್ಪತ್ತು ಜೋಡಿ, ಅವರ ಮಗನ ಹತ್ತು ಜೋಡಿ, ಮೃಗಬೇಟೆ ಉಂಟು, ನೆರಳಿಗೆ ಬಟ್ಟೆ ಕಟ್ಟಲಾಗುವುದು. ಆ ಕೊನೆಯ ಸಾಲನ್ನು ಗಮನಿಸಿ. ಶಾಮಿಯಾನ ಇದೆ ಎಂದು ಹೇಳದಿದ್ದರೆ ಜನ ಬರುವುದಿಲ್ಲ ಎಂಬುದು ಎರಡು ಸಾವಿರ ವರ್ಷಗಳ ಹಿಂದೆಯೂ ಗೊತ್ತಿತ್ತು. ನನಗೆ ಇನ್ನೂ ಹಿಡಿಸಿದ್ದು ಕೆಳಗೆ ತನ್ನ ಹೆಸರು ಹಾಕಿಕೊಂಡ ಬರಹಗಾರ. "ಎಮಿಲಿಯಸ್ ಕೆಲೆರ್ ಬರೆದದ್ದು, ಒಬ್ಬನೇ, ಬೆಳದಿಂಗಳಲ್ಲಿ." ಬಣ್ಣದ ಕುಡಿಕೆ ಹಿಡಿದು ರಾತ್ರಿ ಏಣಿ ಹತ್ತಿದ ಆ ಮನುಷ್ಯ ನನಗೆ ಯಾವ ಚಕ್ರವರ್ತಿಗಿಂತಲೂ ಹತ್ತಿರದವನು.

ಆಂಫಿಥಿಯೇಟರ್ ನೋಡಿ ನಾಟಕಶಾಲೆಗಳ ಹಿಂದಿನ ಕಂಬಸಾಲಿನ ಚೌಕಕ್ಕೆ ಹೋಗಿ. ಕ್ರಿ.ಶ. 62ರ ಭೂಕಂಪದ ನಂತರ ಅದನ್ನು ಗ್ಲ್ಯಾಡಿಯೇಟರ್‌ಗಳ ವಸತಿಯಾಗಿ ಮಾಡಿದ್ದರು. ನಡುವೆ ಅಂಗಳ, ಸುತ್ತ ಸಣ್ಣ ಸಣ್ಣ ಕೋಣೆ. ನಮ್ಮ ಹಳೆಯ ಗರಡಿಗಳನ್ನು ನೋಡಿದವರಿಗೆ ಅಂಗಳದ ಉದ್ದೇಶ ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಟಿನ್‌ನಲ್ಲಿ ಇದು ಲುಡುಸ್, ನಾನು ಗರಡಿ ಎಂದೇ ಬರೆಯುತ್ತೇನೆ. ಗರಡಿಯ ಯಜಮಾನ ಲಾನಿಸ್ತಾ. ಅವನು ಗುಲಾಮರನ್ನು, ಯುದ್ಧಕೈದಿಗಳನ್ನು ಕೊಂಡು, ತಿನ್ನಿಸಿ, ಕಲಿಸಿ, ಆಟ ಆಡಿಸುವವರಿಗೆ ಬಾಡಿಗೆಗೆ ಕೊಡುತ್ತಿದ್ದ. ಇದಕ್ಕಿಂತ ಮುಂಚೆ ಬಳಕೆಯಲ್ಲಿದ್ದ ಇನ್ನೊಂದು ಮನೆ ವಿಯಾ ದಿ ನೋಲಾ ಬೀದಿಯಲ್ಲಿದೆ. ಅದರ ಕಂಬಗಳ ಮೇಲೆ ಗೀಚಿದ ಮಾತುಗಳು ಪ್ರಸಿದ್ಧ: ಥ್ರಾಕ್ಸ್ ಕೆಲಾಡಸ್ 'ಹುಡುಗಿಯರ ನಿಟ್ಟುಸಿರು' ಎಂದು. ಸಿಕ್ಕದ್ದು ಗ್ಲ್ಯಾಡಿಯೇಟರ್‌ಗಳ ಮನೆಯಲ್ಲಿ ಎಂಬುದನ್ನು ಮರೆಯಬೇಡಿ. ಹುಡುಗಿಯರು ಬರೆದರೋ ಕೆಲಾಡಸನೇ ಬರೆದುಕೊಂಡನೋ ಎಂದು ಹೆಂಡತಿ ನಕ್ಕಳು.

ಪೋರ್ಟಾ ನೊಚೆರಾ ಬಾಗಿಲ ಹೊರಗೆ ಸಮಾಧಿಗಳ ಬೀದಿ. ಅಲ್ಲಿ ಸಿಕ್ಕ ಗೀಚುಚಿತ್ರವೊಂದು ಕ್ರಿಕೆಟ್ ಸ್ಕೋರ್‌ಪಟ್ಟಿಯಂತಿದೆ. ಹೆಸರು, ಎಷ್ಟು ಕಾಳಗ, ಎಷ್ಟು ಗೆಲುವು, ಕೊನೆಗೆ ಒಂದು ಅಕ್ಷರ: ಗೆದ್ದ, ಸೋತರೂ ಜೀವ ಉಳಿಸಿಕೊಂಡ, ಸತ್ತ. ಮಾರ್ಕಸ್ ಅಟಿಲಿಯಸ್ ಎಂಬ ಹೊಸಬ ಹದಿನಾಲ್ಕು ಕಾಳಗ ಕಂಡ ಹಿಲಾರಸ್‌ನನ್ನು ಸೋಲಿಸಿದ್ದಾನೆ. ಹಿಲಾರಸ್ ಸಾಯಲಿಲ್ಲ, ಅವನ ಮುಂದೆ ಜೀವ ಉಳಿದದ್ದರ ಅಕ್ಷರ. ಸೋತವನು ಸಾಯಲೇಬೇಕು ಎಂಬುದು ಸಿನಿಮಾ ಕಲಿಸಿದ ಪಾಠ ಎಂದು ಮಗನಿಗೆ ಅಲ್ಲಿ ಹೇಳಿದೆ. ಅವನು ನಂಬಲಿಲ್ಲ. ಆಗ ನನ್ನ ಕಸುಬಿನ ಪುರಾವೆ ಹೊರತೆಗೆದೆ.

ಗಾಯಸ್ ಎಂಬ ಎರಡನೇ ಶತಮಾನದ ರೋಮನ್ ಕಾನೂನುಪಂಡಿತ ಒಂದು ಕರಾರಿನ ಉದಾಹರಣೆ ಕೊಡುತ್ತಾನೆ. ಗ್ಲ್ಯಾಡಿಯೇಟರ್ ಮೈಗಾಯವಿಲ್ಲದೆ ಹಿಂದಿರುಗಿದರೆ ಅವನ ಬೆವರಿಗೆ 20 ದಿನಾರಿ, ಅಂದರೆ ರೋಮನ್ ಬೆಳ್ಳಿ ನಾಣ್ಯ. ಸತ್ತರೆ ಅಥವಾ ಊನವಾದರೆ 1000 ದಿನಾರಿ. ಹಿಂದಿರುಗಿದರೆ ಅದು ಬಾಡಿಗೆ, ಸತ್ತರೆ ಅದು ಮಾರಾಟ ಎಂಬುದು ಅವನ ತೀರ್ಮಾನ. ಐವತ್ತು ಪಟ್ಟು ವ್ಯತ್ಯಾಸ! ಜನ 'ಕೊಲ್ಲು' ಎಂದು ಕೂಗಿದಾಗ ಆಟ ಆಡಿಸುವವನ ಎದೆ ಡವಗುಟ್ಟುತ್ತಿದ್ದುದು ಸೋತವನ ಪ್ರಾಣಕ್ಕಾಗಿ ಮಾತ್ರ ಅಲ್ಲ. ಅಖಾಡದ ಮರಳಿನ ಮೇಲೆ ಮಂಡಿಯೂರಿದವನನ್ನು ಉಳಿಸಿದ್ದು ಕರುಣೆಗಿಂತ ಹೆಚ್ಚಾಗಿ ಲೆಕ್ಕದ ಪುಸ್ತಕ ಎಂದು ನಾನು ನಂಬಿದ್ದೇನೆ. ಹೆಬ್ಬೆರಳು ಕೆಳಗೆ ಮಾಡಿದರೆ ಸಾವು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತದ್ದು 1872ರ ಫ್ರೆಂಚ್ ವರ್ಣಚಿತ್ರವೊಂದರಿಂದ. ಪ್ರಾಚೀನ ಬರಹದಲ್ಲಿರುವುದು 'ತಿರುಗಿಸಿದ ಹೆಬ್ಬೆರಳು' ಎಂದಷ್ಟೇ, ಯಾವ ದಿಕ್ಕಿಗೆ ಎಂದಿಲ್ಲ.

ಊಟದ ಮಾತು ಇಲ್ಲಿಯೇ ಆಗಲಿ, ಏಕೆಂದರೆ ಅದಕ್ಕೂ ವಿಷಯಕ್ಕೂ ನಂಟಿದೆ. ನಾವು ಸಸ್ಯಾಹಾರಿಗಳು. ನೇಪಲ್ಸ್‌ನಲ್ಲಿ ಮರಿನಾರಾ ಪಿಜ್ಜಾ ಕಣ್ಣುಮುಚ್ಚಿ ಹೇಳಬಹುದು: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ, ಚೀಸ್ ಕೂಡ ಇಲ್ಲ. ಕಡಲೆಕಾಳಿನ ಪಾಸ್ತಾ, ಹುರುಳಿಕಾಯಿ ಬೀಜದ ಪಾಸ್ತಾ ಸಿಗುತ್ತವೆ. ಹಂದಿಮಾಂಸದ ಚೂರು ಹಾಕುತ್ತೀರಾ ಎಂದು ಕೇಳಿಯೇ ತೆಗೆದುಕೊಳ್ಳಿ. ಬೇಕರಿಯಲ್ಲಿ ಕೋಡುಬಳೆಯಂತೆ ಕಾಣುವ ಮೆಣಸಿನ ತರಾಲ್ಲೊ ನೋಡಿ ಬಾಯಲ್ಲಿ ನೀರೂರಿದರೆ ತಡೆದುಕೊಳ್ಳಿ, ನೇಪಲ್ಸ್‌ನವರು ಅದನ್ನು ಹಂದಿಯ ಕೊಬ್ಬಿನಲ್ಲಿ ಕಲಸುತ್ತಾರೆ. ನಾವು ಎರಡು ಕೊಂಡು, ಕಾಗದದ ಮೇಲಿನ ಜಿಡ್ಡು ನೋಡಿ ಅನುಮಾನ ಬಂದು ಕೇಳಿ, ಹಾಗೆಯೇ ಹೋಟೆಲಿನ ಹುಡುಗನಿಗೆ ಕೊಟ್ಟೆವು.

ಇನ್ನು ನಂಟು. ಗ್ಲ್ಯಾಡಿಯೇಟರ್‌ಗಳಿಗೆ ರೋಮನ್ನರು ಇಟ್ಟಿದ್ದ ಅಡ್ಡಹೆಸರು 'ಹೊರ್ದೆಯಾರಿ', ಬಾರ್ಲಿ ತಿನ್ನುವವರು. ಟರ್ಕಿಯ ಎಫೆಸಸ್‌ನಲ್ಲಿ 1993ರಲ್ಲಿ ಗ್ಲ್ಯಾಡಿಯೇಟರ್‌ಗಳ ಸ್ಮಶಾನವೊಂದು ಸಿಕ್ಕಿತು. ಆ ಮೂಳೆಗಳನ್ನು ವಿಯೆನ್ನಾದ ವಿಜ್ಞಾನಿಗಳು ಪರೀಕ್ಷಿಸಿದಾಗ ಅವರ ಊಟ ಬಹುಪಾಲು ಧಾನ್ಯ, ಕಾಳು ಎಂದು ತಿಳಿಯಿತು. ಪೆರ್ಗಮಮ್ ಊರಿನಲ್ಲಿ ಕ್ರಿ.ಶ. 157ರಿಂದ ಗ್ಲ್ಯಾಡಿಯೇಟರ್‌ಗಳ ವೈದ್ಯನಾಗಿದ್ದ ಗಾಲೆನ್, ಬಾರ್ಲಿಯೂ ಕಾಳೂ ತಿಂದು ಇವರ ಮೈ ಮೆದುವಾಗುತ್ತದೆ ಎಂದು ಗೊಣಗಿದ್ದಾನೆ. ಸಿನಿಮಾದ ಸಿಕ್ಸ್ ಪ್ಯಾಕ್ ಹೊಟ್ಟೆಯಲ್ಲ, ಚರ್ಮದ ಕೆಳಗೆ ಒಂದು ಪದರ ಕೊಬ್ಬು ಇದ್ದಿರಬೇಕು. "ಅಂದರೆ ಅವರೂ ನಮ್ಮ ಹಾಗೆಯೇ" ಎಂದು ಹೆಂಡತಿ ನನ್ನ ಹೊಟ್ಟೆ ನೋಡಿದಳು. ಇಟಲಿಯ ಯಾವ ಕಾಫಿ ಅಂಗಡಿಗೆ ಹೋಗಿ 'ಓರ್ಜೊ' ಎಂದರೂ ಹುರಿದ ಬಾರ್ಲಿಯ ಕಾಫಿ ಕೊಡುತ್ತಾರೆ. ಮಗನಿಗೆ ಅಂದಿನಿಂದ ಅದೇ ಆಯಿತು. ನಿಂತು ಕುಡಿದರೆ ಒಂದು ದರ, ಕುರ್ಚಿ ಎಳೆದು ಕುಳಿತರೆ ಇನ್ನೊಂದು, ನೆನಪಿರಲಿ.

ಮೂರನೆಯ ದಿನ ಕಾಪುವಾ. ಗುಲಾಮರ ದಂಗೆಯ ನಾಯಕನಾದ ಗ್ಲ್ಯಾಡಿಯೇಟರ್ ಸ್ಪಾರ್ಟಕಸ್‌ನ ಊರು. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸ್ಪಾರ್ಟಕಸ್‌ನ ಕಾಪುವಾ ಈಗ ಕಾಪುವಾ ಎಂಬ ಹೆಸರಿನ ಊರಲ್ಲ. ಹಳೆಯ ಊರು ಒಂಬತ್ತನೆಯ ಶತಮಾನದಲ್ಲಿ ಹಾಳಾಗಿ, ಜನ ನದಿಯ ದಂಡೆಗೆ ಹೋಗಿ ಹೊಸ ಊರು ಕಟ್ಟಿ ಹೆಸರನ್ನೂ ಜೊತೆಗೆ ಒಯ್ದರು. ಹಳೆಯ ಜಾಗದಲ್ಲಿ ಈಗಿರುವುದು ಸಾಂತಾ ಮರಿಯಾ ಕಾಪುವಾ ವೇತೆರೆ. ನಾನು ಮೊಬೈಲಿನಲ್ಲಿ 'ಕಾಪುವಾ' ಎಂದಷ್ಟೇ ಹುಡುಕಿ ಟಿಕೆಟ್ ಕೊಂಡಿದ್ದೆ. ಇಳಿಯಬೇಕಾದ ನಿಲ್ದಾಣ ಕಿಟಕಿಯಾಚೆ ಹಾದು ಹೋಗುವುದನ್ನು ನೋಡುತ್ತಾ ಕುಳಿತು, ಮುಂದಿನದರಲ್ಲಿ ಇಳಿದೆವು. ಆದರೆ ಇಳಿದದ್ದಕ್ಕೆ ನಷ್ಟವಾಗಲಿಲ್ಲ. ಹಿಂದಕ್ಕೆ ಹೋಗುವ ರೈಲಿಗೆ ಸಮಯವಿತ್ತು, ಊರೊಳಗೆ ನಡೆದೆವು. ಅಲ್ಲಿನ ನ್ಯಾಯಾಧೀಶರ ಚೌಕದ ಹಳೆಯ ಆಡಳಿತ ಕಟ್ಟಡದ ಗೋಡೆಯಲ್ಲಿ ಕಲ್ಲಿನ ದೇವತೆಗಳ ತಲೆಗಳು ಸಾಲಾಗಿ ಹೊರಚಾಚಿಕೊಂಡಿವೆ. ಹಳೆಯ ಆಂಫಿಥಿಯೇಟರ್‌ನ ಕಮಾನುಗಳಿಂದ ಕಿತ್ತು ತಂದು ಕೂರಿಸಿದ್ದು. ಮೈ ಅಲ್ಲಿ, ತಲೆ ಇಲ್ಲಿ.

ಸಾಂತಾ ಮರಿಯಾ ನಿಲ್ದಾಣದಿಂದ ಆಂಫಿಥಿಯೇಟರ್‌ಗೆ ಇಪ್ಪತ್ತು ನಿಮಿಷ ನಡಿಗೆ. ಸೋಮವಾರ ಹೋಗಬೇಡಿ. ಗಾತ್ರದಲ್ಲಿ ಕೊಲೊಸಿಯಮ್‌ಗೆ ಎರಡನೆಯದು, ಜನದಲ್ಲಿ ಕೊನೆಯದು: ನಾವಿದ್ದ ಎರಡು ಗಂಟೆಯಲ್ಲಿ ಇನ್ನು ಆರು ಮಂದಿ. ನೆಲಮಾಳಿಗೆಯ ಓಣಿಗಳಲ್ಲಿ ನಿಮ್ಮ ಪಾಡಿಗೆ ನೀವು ಓಡಾಡಬಹುದು. ಪಕ್ಕದಲ್ಲಿ ಗ್ಲ್ಯಾಡಿಯೇಟರ್‌ಗಳದೇ ಪುಟ್ಟ ಸಂಗ್ರಹಾಲಯ. ಒಂದು ಮಾತು ತಿಳಿದಿರಲಿ: ಸ್ಪಾರ್ಟಕಸ್ ಈ ಕಟ್ಟಡವನ್ನು ನೋಡಿಲ್ಲ. ಇದು ಅವನ ನಂತರದ್ದು. ಅವನ ಕಾಲದ್ದು ಹತ್ತಿರದಲ್ಲೇ ಇದ್ದ, ಇದಕ್ಕಿಂತ ಹಳೆಯದು.

ಕ್ರಿ.ಪೂ. 73ರಲ್ಲಿ ಇಲ್ಲಿನ ಗರಡಿಯಿಂದ ಸ್ಪಾರ್ಟಕಸ್ ಸೇರಿ ಎಪ್ಪತ್ತು ಚಿಲ್ಲರೆ ಮಂದಿ ಅಡುಗೆಮನೆಯ ಕತ್ತಿ, ಮಾಂಸ ಸುಡುವ ಕಂಬಿ ಹಿಡಿದು ತಪ್ಪಿಸಿಕೊಂಡರು. ಗರಡಿಯ ಯಜಮಾನನ ಹೆಸರು ಲೆಂಟುಲಸ್ ಬಾಟಿಯಾಟಸ್. ಆಯುಧಗಳು ಬೀಗದೊಳಗೆ, ಕೈಗೆ ಸಿಕ್ಕದ್ದು ಅಡುಗೆಯವರ ಸಾಮಾನು. ವೆಸುವಿಯಸ್ ಬೆಟ್ಟ ಹತ್ತಿ ಕುಳಿತು, ಸಾವಿರಾರು ಗುಲಾಮರನ್ನು ಕೂಡಿಸಿಕೊಂಡು ಎರಡು ವರ್ಷ ರೋಮ್‌ನ ನಿದ್ದೆಗೆಡಿಸಿದರು. 71ರಲ್ಲಿ ರೋಮ್‌ನ ಸೇನಾಪತಿ ಕ್ರಾಸಸ್ ಅವರನ್ನು ಸೋಲಿಸಿದ. ಸೆರೆಸಿಕ್ಕ 6000 ಮಂದಿಯನ್ನು ಕಾಪುವಾದಿಂದ ರೋಮ್‌ವರೆಗೆ ಅಪ್ಪಿಯನ್ ಹೆದ್ದಾರಿಯ ಉದ್ದಕ್ಕೂ ಶಿಲುಬೆಗೆ ಏರಿಸಿದ. ಹಿಂದಿರುಗುವ ರೈಲಿನಲ್ಲಿ ಲೆಕ್ಕ ಹಾಕಿದೆ. ದಾರಿ ಸುಮಾರು 195 ಕಿಲೋಮೀಟರ್. ಅಂದರೆ ಮೂವತ್ತೆರಡು ಮೂವತ್ತಮೂರು ಮೀಟರಿಗೊಂದು. ನಮ್ಮ ಬಡಾವಣೆಯಲ್ಲಿ ಒಂದು ಬೀದಿದೀಪಕ್ಕೂ ಇನ್ನೊಂದಕ್ಕೂ ಇರುವ ದೂರ. ಮಗನಿಗೆ ಹೇಳಲಿಲ್ಲ.

ರೋಮ್‌ಗೆ ಬಂದ ಮೇಲೆ ಮೊದಲು ಹೋದದ್ದು ಹೊಳೆಯ ಪಕ್ಕದ ಫೋರಮ್ ಬೊವಾರಿಯಮ್‌ಗೆ, ಅಂದರೆ ಹಿಂದಿನ ದನದ ಸಂತೆಗೆ. ಬಾಯಿಗೆ ಕೈಹಾಕಿ ಸತ್ಯ ಹೇಳಬೇಕಾದ ಕಲ್ಲಿನ ಮುಖವಿರುವ ಚರ್ಚಿನ ಎದುರು. ಜನ ಆ ಕಲ್ಲಿಗೆ ಸರತಿ ನಿಲ್ಲುತ್ತಾರೆ, ಎದುರಿನ ಹುಲ್ಲಿನ ಮೇಲೆ ಯಾರೂ ಇಲ್ಲ. ರೋಮ್‌ನಲ್ಲಿ ಮೊದಲ ಗ್ಲ್ಯಾಡಿಯೇಟರ್ ಕಾಳಗ ನಡೆದದ್ದು ಇಲ್ಲಿ, ಕ್ರಿ.ಪೂ. 264ರಲ್ಲಿ. ಬ್ರೂಟಸ್ ಪೆರಾ ಎಂಬ ದೊಡ್ಡ ಮನುಷ್ಯ ಸತ್ತಾಗ ಮಕ್ಕಳು ಮೂರು ಜೋಡಿ ಕಾದಾಡಿಸಿದರು. ಕಾಳಗಕ್ಕೆ ಅವರಿಟ್ಟ ಹೆಸರು 'ಮುನುಸ್'. ಸತ್ತವರಿಗೆ ಸಲ್ಲಿಸಬೇಕಾದ ಋಣ. ತಿಥಿಯಾಗಿ ಶುರುವಾದದ್ದು ಚುನಾವಣೆಯ ಖರ್ಚಾಗಿ, ಕೊನೆಗೆ ಚಕ್ರವರ್ತಿಯ ದರ್ಬಾರಾಗಿ ಬೆಳೆಯಿತು.

ಕೊಲೊಸಿಯಮ್‌ಗೆ ನಾವು ಕೊಂಡದ್ದು ನೆಲಮಾಳಿಗೆ, ಅಖಾಡ ಎರಡೂ ಸೇರಿದ 24 ಯೂರೊ ಟಿಕೆಟ್, ಸಾಧಾರಣದ್ದು 18. ಪಕ್ಕದ ಹಳೆಯ ರೋಮ್‌ನ ಅವಶೇಷಗಳಾದ ಫೋರಮ್, ಪಾಲಟೈನ್ ಗುಡ್ಡ ಅದರಲ್ಲೇ ಸೇರಿವೆ. ಟಿಕೆಟ್‌ನ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಬೇಕು. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಎಂದು ನಮ್ಮ ಹೆಸರುಗಳು ಒಂದೊಂದು ಕಡೆ ಒಂದೊಂದು ರೀತಿ ಇರುತ್ತವಲ್ಲ, ಕೊಳ್ಳುವಾಗಲೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಳ್ಳಿ. ಮೆಟ್ರೊ ಬಿ ಮಾರ್ಗದಲ್ಲಿ ಕೊಲೊಸ್ಸೆಯೊ ನಿಲ್ದಾಣ. ಹೊರಗೆ ಕೆಂಪು ಜುಟ್ಟಿನ ಶಿರಸ್ತ್ರಾಣ ತೊಟ್ಟ ವೇಷದವರು ಹೆಗಲಿಗೆ ಕೈಹಾಕಿ ಫೋಟೊಗೆ ನಿಲ್ಲುತ್ತಾರೆ. ನಿಂತರೆ ದುಡ್ಡು. ನಮ್ಮ ಬಳಿ 20 ಯೂರೊ ಕೇಳಿ 5ಕ್ಕೆ ಬಿಟ್ಟರು. ಬೇಡ ಎಂದು ಮುಂದೆ ನಡೆದಿದ್ದರೆ ಅದೂ ಉಳಿಯುತ್ತಿತ್ತು. ನೀರಿನ ಬಾಟಲಿ ಕೊಳ್ಳಬೇಡಿ, ಬೀದಿಯ ಮೂಗಿನಾಕಾರದ ನಲ್ಲಿಗಳಲ್ಲಿ ಸದಾ ಸುರಿಯುವ ನೀರು ಕುಡಿಯಲು ಒಳ್ಳೆಯದು.

ಒಳಗೆ ಹೋಗುವ ಮುಂಚೆ ಕಮಾನುಗಳ ನೆತ್ತಿ ನೋಡಿ. ಬಾಗಿಲಿನ ಸಂಖ್ಯೆಗಳು ಉತ್ತರದ ಕಡೆ ಇನ್ನೂ ಇವೆ. ಎಂಬತ್ತು ಕಮಾನು, ಐವತ್ತು ಸಾವಿರಕ್ಕೂ ಮೀರಿದ ಜನ, ಕೈಯಲ್ಲಿ ಸಂಖ್ಯೆ ಬರೆದ ಬಿಲ್ಲೆ. ಮುಂದೆ ಸೆನೆಟರ್‌ಗಳು, ಹಿಂದೆ ಹಿಂದೆ ಅಂತಸ್ತು ಇಳಿಯುತ್ತಾ ತುತ್ತತುದಿಗೆ ಬಡವರು, ಹೆಂಗಸರು. ಸಮಾಜವನ್ನೇ ಸುರುಳಿ ಸುತ್ತಿ ಕೂರಿಸಿದ ಹಾಗೆ. ಆ ಸುರುಳಿಯ ನಡುವೆ, ಎಲ್ಲರಿಗಿಂತ ಕೆಳಗೆ, ಈ ಗ್ಲ್ಯಾಡಿಯೇಟರ್. ಚಕ್ರವರ್ತಿ ವೆಸ್ಪಾಸಿಯನ್ ಶುರುಮಾಡಿ ಮಗ ಟೈಟಸ್ ಕ್ರಿ.ಶ. 80ರಲ್ಲಿ ನೂರು ದಿನದ ಉತ್ಸವದೊಂದಿಗೆ ತೆರೆದ ಕಟ್ಟಡ. ಆ ಉತ್ಸವದಲ್ಲಿ ಪ್ರಿಸ್ಕಸ್, ವೆರಸ್ ಎಂಬ ಜೋಡಿ ಯಾರೂ ಸೋಲದೆ ಕಾದಿ, ಇಬ್ಬರೂ ಅಖಾಡದಿಂದ ಬಿಡುಗಡೆಯ ಗುರುತಾದ ಮರದ ಕತ್ತಿ ಪಡೆದರು.

ನೆಲಮಾಳಿಗೆ ಟೈಟಸ್‌ನ ತಮ್ಮ ಡೊಮಿಷಿಯನ್ ಮಾಡಿಸಿದ್ದು. ಮಾರ್ಗದರ್ಶಕಿ ನಮ್ಮನ್ನು ಮೊದಲು ಒಯ್ದದ್ದು 2015ರಲ್ಲಿ ಮಾದರಿಯಾಗಿ ಮತ್ತೆ ಕಟ್ಟಿದ ಮರದ ಎತ್ತುಗಕ್ಕೆ. ಆಳುಗಳು ದಿಮ್ಮಿ ತಿರುಗಿಸಿದರೆ ಹಗ್ಗ ಸುತ್ತಿ, ಬೋನು ಮೇಲೇರಿ, ನೆಲದ ಹಲಗೆ ತೆರೆದು ಚಿರತೆ ಬೆಳಕಿಗೆ ಜಿಗಿಯುತ್ತದೆ. ಗಾಣ ನೋಡಿದವರಿಗೆ ಕೂಡಲೇ ಅರ್ಥವಾಗುತ್ತದೆ. ತಣ್ಣಗಿನ, ತೇವದ, ಕಿರಿದಾದ ಓಣಿ. ಮೇಲೆ ಆಕಾಶದ ಸೀಳು. ಹಿಂದಿನ ಕಾಲದಲ್ಲಿ ಅದೂ ಇರಲಿಲ್ಲ, ಮೇಲೆ ಹಲಗೆ, ಹಲಗೆಯ ಮೇಲೆ ಮರಳು.

ಬೊರ್ಗೇಸೆ ಗ್ಯಾಲರಿಗೆ ಹೋದದ್ದು ಹೆಂಡತಿಯ ಒತ್ತಾಯಕ್ಕೆ, ಬರ್ನಿನಿಯ ಶಿಲ್ಪಗಳಿಗಾಗಿ. ಮುಂಗಡ ಕಾಯ್ದಿರಿಸದೆ ಒಳಗೆ ಬಿಡುವುದಿಲ್ಲ, ಎರಡೇ ಗಂಟೆ ಸಮಯ, ಸೋಮವಾರ ರಜೆ. ಹೊಕ್ಕ ಕೂಡಲೇ ಸಿಗುವ ದೊಡ್ಡ ಹಜಾರದಲ್ಲಿ ಎಲ್ಲರೂ ತಲೆಯೆತ್ತಿ ಚಾವಣಿಯ ಚಿತ್ರ ನೋಡುತ್ತಾರೆ. ನೀವು ನೆಲ ನೋಡಿ. 1834ರಲ್ಲಿ ರೋಮ್‌ನ ಹೊರವಲಯದಲ್ಲಿ ಸಿಕ್ಕ, ನಾಲ್ಕನೇ ಶತಮಾನದ ಗ್ಲ್ಯಾಡಿಯೇಟರ್ ಮೊಸಾಯಿಕ್ ಅಲ್ಲಿದೆ. ಬಣ್ಣದ ಕಲ್ಲುಚೂರುಗಳಲ್ಲಿ ಹೆಸರು ಸಹಿತ ಕಾದಾಡುವವರು. ಅಸ್ಟಾಸಿಯಸ್ ಎಂಬವನು ಅಸ್ಟಿವಸ್‌ನ ಮೇಲೆ ನಿಂತಿದ್ದಾನೆ. ಬಿದ್ದವನ ಹೆಸರಿನ ಪಕ್ಕದಲ್ಲಿ ಸೊನ್ನೆಗೆ ಗೀಟು ಹೊಡೆದಂತಹ ಒಂದು ಗುರುತು. ಸಾವು ಎಂಬ ಅರ್ಥದ ಗ್ರೀಕ್ ಪದದ ಮೊದಲ ಅಕ್ಷರ ಅದು. ನಾನು ದಿನಾ ಖಾತೆ ಮುಗಿದ ಲೆಕ್ಕಕ್ಕೆ ಹೊಡೆಯುವ ಗೀಟಿನಂತೆಯೇ ಇತ್ತು.

ಇಷ್ಟು ನೋಡಿದ ಮೇಲೂ ನನಗೆ ಬಿಡಿಸಲಾಗದ ಒಂದು ಗಂಟು ಉಳಿಯಿತು. ಈ ಮನುಷ್ಯನ ಚಿತ್ರ ಮನೆಯ ನೆಲದಲ್ಲಿ, ದೀಪದ ಮೇಲೆ, ಮಕ್ಕಳ ಹಾಲಿನ ಬುಡ್ಡಿಯ ಮೇಲೂ. ಮದುವೆಯ ದಿನ ವಧುವಿನ ಬೈತಲೆ ತೆಗೆಯಲು ಗ್ಲ್ಯಾಡಿಯೇಟರ್‌ನ ದೇಹಕ್ಕೆ ನಾಟಿದ್ದ ಈಟಿ ಶುಭ. ಅವನ ಬಿಸಿರಕ್ತ ಮೂರ್ಛೆರೋಗಕ್ಕೆ ಮದ್ದು ಎಂದು ಕುಡಿಯುತ್ತಿದ್ದರು. ಅದೇ ಕಾನೂನಿನಲ್ಲಿ ಅವನು ಮಾನ ಇಲ್ಲದವನು, ವೇಶ್ಯೆಯ ಸಾಲಿನವನು. ಸ್ವತಂತ್ರ ಪ್ರಜೆ ತಾನಾಗಿ ಬಂದು, 'ಸುಟ್ಟರೂ ಕಟ್ಟಿದರೂ ಹೊಡೆದರೂ ಕತ್ತಿಯಿಂದ ಕೊಂದರೂ ಸರಿ' ಎಂದು ಆಣೆ ಮಾಡಿ ಸೇರಿದರೆ ಅವನೂ ಅದೇ ಸಾಲಿಗೆ. ಉತ್ತರದ ಸಾರ್ಸಿನಾ ಊರಿನಲ್ಲಿ ಹೊರೇಷಿಯಸ್ ಬಾಲ್ಬಸ್ ಎಂಬವನು ಊರವರಿಗೆ ಸಮಾಧಿಜಾಗ ದಾನ ಮಾಡಿದ ಶಾಸನವಿದೆ. ಹೀಗೆ ತಮ್ಮನ್ನು ಮಾರಿಕೊಂಡ ಗ್ಲ್ಯಾಡಿಯೇಟರ್‌ಗಳಿಗೆ ಅದರಲ್ಲಿ ಜಾಗವಿಲ್ಲ ಎಂದು ಕಲ್ಲಿನಲ್ಲೇ ಕೊರೆಸಿದ್ದಾನೆ. ಚಪ್ಪಾಳೆ ಬೇಕಾದಷ್ಟು, ಮಣ್ಣು ಮಾತ್ರ ಊರಾಚೆ. ಇಂತಹ ಮರ್ಯಾದೆಯನ್ನು ನಾವು ಇಟಲಿಗೆ ಹೋಗಿ ಕಲಿಯಬೇಕಾಗಿರಲಿಲ್ಲ.

ಕೊನೆಯದಾಗಿ ಪೂರ್ತಿ ಉಚಿತವಾದ, ಟಿಕೆಟ್ಟೇ ಇಲ್ಲದ ಜಾಗವೊಂದು. ಕೊಲೊಸಿಯಮ್‌ನಿಂದ ಪೂರ್ವಕ್ಕೆ ರಸ್ತೆ ದಾಟಿದರೆ ಕಂಬಿಬೇಲಿಯ ಕೆಳಗೆ ಲುಡುಸ್ ಮಾಗ್ನುಸ್ ಕಾಣುತ್ತದೆ, ರೋಮ್‌ನ ಅತಿ ದೊಡ್ಡ ಗರಡಿ. 1937ರಲ್ಲಿ ಸಿಕ್ಕಿತು. ಅರ್ಧ ಮಾತ್ರ ಅಗೆದಿದ್ದಾರೆ, ಉಳಿದರ್ಧ ಇಂದಿನ ಬೀದಿ, ಮನೆಗಳ ಅಡಿಯಲ್ಲಿ. ಕೆಳಗೆ ಕೋಣೆಗಳ ಸಾಲು, ಒಂದು ಪುಟ್ಟ ತಾಲೀಮು ಅಖಾಡದ ಬಾಗು. ಇಲ್ಲಿಂದ ಕೊಲೊಸಿಯಮ್‌ಗೆ ನೆಲದೊಳಗೆ ಸುರಂಗವಿತ್ತು. ಸಂಜೆ ಆರರ ಹೊತ್ತಿಗೆ ಹೋಗಿ, ಆಗ ಗುಂಪುಗಳು ಊಟಕ್ಕೆ ಹೋಗಿರುತ್ತವೆ. ನಾವು ಕಾಗದದಲ್ಲಿ ಸುತ್ತಿಕೊಟ್ಟ ಪಿಜ್ಜಾ ತುಂಡು ಹಿಡಿದು ಬೇಲಿಗೆ ಒರಗಿ ನಿಂತೆವು. ಹೆಂಡತಿ ಬೆಳಗಿನಿಂದ ನಡೆದ ಕಾಲು ಎತ್ತಿ ಕಂಬಿಯ ಮೇಲಿಟ್ಟಿದ್ದಳು. ಮಗ ಒಮ್ಮೆ ಕೆಳಗಿನ ಕೋಣೆಗಳನ್ನು, ಒಮ್ಮೆ ಬಲಗಡೆ ದೀಪ ಹತ್ತಿದ ಕೊಲೊಸಿಯಮ್ ಅನ್ನು ನೋಡಿದ.

"ಅಪ್ಪ, ಇಷ್ಟು ಹತ್ತಿರ. ಆಟದ ದಿನ ಜನ ಕೂಗುವುದು ಇಲ್ಲಿಗೆ ಕೇಳಿಸುತ್ತಿತ್ತು ಅಲ್ಲವೇ?"

"ಕೇಳಿಸದೆ ಇರುತ್ತದೆಯೇ."

"ಸುರಂಗ ಹಾಗಾದರೆ ಯಾಕೆ? ರಸ್ತೆ ದಾಟಿದರೆ ಆಯಿತಲ್ಲ."

ಅವನ ತಾಯಿ ಉತ್ತರ ಹೇಳುವಷ್ಟರಲ್ಲಿ ಟ್ರಾಮ್ ಗಡಗಡ ಸದ್ದು ಮಾಡುತ್ತಾ ಬಂದು, ಮಾತು ಕೇಳಿಸಲಿಲ್ಲ. ಟ್ರಾಮ್ ಟಿಕೆಟ್ ಒಳಗೆ ಹತ್ತಿದ ಕೂಡಲೇ ಯಂತ್ರಕ್ಕೆ ತೋರಿಸಬೇಕು, ಮರೆಯಬೇಡಿ.